ಗೂಬೆಯ ಎಡಗಣ್ಣು

ನಾನು ಮಾಡಿದ ಮಣ್ಣಿನ ಪೀಪಿಯನ್ನು ಜೋರಾಗಿ ಊದಿದರೆ ಏಳು ಬೀದಿಯಾಚೆ ಮಲಗಿರುವ ಕೂಸು ಎದ್ದು ಕೂತು ಚಪ್ಪಾಳೆ ತಟ್ಟುತ್ತದೆ. ಮೆಲ್ಲಗೆ ಊದಿದರೆ ಅದೇ ಕೂಸು ಮತ್ತೆ ನಿದ್ದೆ ಹೋಗುತ್ತದೆ. ನಂಬಿಕೆ ಬಾರದವರು ಏಳು ಬೀದಿಯನ್ನು ಆರು ಮಾಡಿಕೊಳ್ಳಲಿ. ಅದಕ್ಕಿಂತ ಕೆಳಗೆ ನಾನು ಇಳಿಯುವವನಲ್ಲ.

ಇಂಥ ನನಗೆ ಒಂದು ಮಂಗಳವಾರ ಬೆಳಿಗ್ಗೆ ಟ್ರೇಡ್‌ಮಾರ್ಕ್ ಕಚೇರಿಯಿಂದ ಲಕೋಟೆ ಬಂತು. ಒಡೆದು ಓದಿದೆ. ಓದಿ ಕೂತೆ. ಕೂತವನು ಎದ್ದೆ. ಅವತ್ತು ಎದ್ದವನು ಎಷ್ಟೋ ತಿಂಗಳು ಎಲ್ಲೂ ನೆಟ್ಟಗೆ ಕೂರಲಿಲ್ಲ. ಊಟಕ್ಕೆ ಕೂತರೆ ಮೊಣಕಾಲು ಕುಣಿಯುತ್ತಿತ್ತು, ಕೆಲಸಕ್ಕೆ ಕೂತರೆ ಬೆನ್ನು ಏಳು ಏಳು ಅನ್ನುತ್ತಿತ್ತು. ಮನೆಯೊಳಗೇ ಅತ್ತಿಂದಿತ್ತ ನಡೆದು ನಡೆದು ಚಪ್ಪಲಿ ಎಷ್ಟು ಸವೆಯಿತೆಂದರೆ, ಕೊನೆಗೆ ನಾನು ಬರೀ ಪಟ್ಟಿ ಹಾಕಿಕೊಂಡು ಓಡಾಡುತ್ತಿದ್ದೆ, ಕೆಳಗೆ ಅಟ್ಟೆಯೇ ಇರಲಿಲ್ಲ.

ವಿಷಯ ಇಷ್ಟು. ಅಕ್ಕ ಮತ್ತು ನಾನು ಪೀಪಿ ಮಾಡಿ ಮಾರುತ್ತೇವೆ. ಮುಂದಿನ ಕೋಣೆ ಅಂಗಡಿ, ನಡುವಿನದು ನನ್ನ ಕೆಲಸದ ಜಾಗ, ಹಿತ್ತಿಲಲ್ಲಿ ಭಟ್ಟಿ. ಹದ ಮಾಡಿದ ಮಣ್ಣಿನಲ್ಲಿ ಹಕ್ಕಿ, ಮೀನು, ಬಸವನಹುಳು ತಿದ್ದಿ ಅದಕ್ಕೆ ಬಾಯಿ ಕೊರೆಯುವುದು ನಾನು. ಅರ್ಧ ಒಣಗಿದ ಮೇಲೆ ಒಂದೊಂದನ್ನೂ ಊದಿ ನೋಡಿ ಸುಡುವುದು ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ. ಅವಳ ಕಿವಿ ಎಂಥದ್ದೆಂದರೆ, ಪಕ್ಕದ ಮನೆಯಲ್ಲಿ ಹಾಲು ಉಕ್ಕುವ ಮೊದಲೇ "ಉಕ್ತು ನೋಡ್ರೀ" ಎಂದು ಇಲ್ಲಿಂದ ಕೂಗುತ್ತಾಳೆ. ಪ್ರತಿ ಪೀಪಿಯ ಹೊಟ್ಟೆಯ ಮೇಲೆ ನಮ್ಮ ಗುರುತು ಇರುತ್ತದೆ: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗೂಬೆ. ಬಲಗಣ್ಣು ಬಿಟ್ಟಿದೆ, ಎಡಗಣ್ಣು ಮುಚ್ಚಿದೆ, ಮುಚ್ಚಿದ ಕಣ್ಣಿನ ಮೇಲೊಂದು ಕೊಂಕು ಹುಬ್ಬು. ಅಂಗಡಿಗೆ ಬಂದ ಮಕ್ಕಳು ಪೀಪಿ ಎಂಬ ಮಾತನ್ನೇ ಆಡುವುದಿಲ್ಲ. "ಮಾಮಾ, ಕಣ್ಣು ಹೊಡೆಯೋ ಗೂಬೆ ಕೊಡಿ" ಎನ್ನುತ್ತವೆ. ಗೂಬೆ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ನೋಡಿ, ಅಲ್ಲೇ ಇಟ್ಟು ಹೋಗುತ್ತವೆ.

ಆ ಗೂಬೆಯನ್ನು ನಮ್ಮ ಹೆಸರಿಗೆ ನೋಂದಣಿ ಮಾಡಿಸಲು ನಾನು ಅರ್ಜಿ ಹಾಕಿದ್ದೆ. ಅದಕ್ಕೆ ಡಬ್ಬಾ ಸಾಹುಕಾರ ಅಡ್ಡಗಾಲು ಹಾಕಿದ್ದ. ಅವನು ಆಟಿಕೆಗಳ ಸಗಟು ವ್ಯಾಪಾರಿ. ಕೈಗೆ ಸಿಕ್ಕಿದ್ದನ್ನೆಲ್ಲ ಡಬ್ಬಕ್ಕೆ ತುಂಬಿ ಮಾರುವವನು. ಅವನ ಅಂಗಡಿಯಲ್ಲಿ ಎರಡು ನಿಮಿಷ ಅಲ್ಲಾಡದೆ ನಿಂತರೆ ನಿಮಗೂ ಮುಚ್ಚಳ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಎರಡು ಪೆಟ್ಟಿಗೆ ಪೀಪಿ ಕೊಂಡು, "ಚೆನ್ನಾಗಿದೆ, ಮತ್ತೆ ಬರ್ತೀನಿ" ಎಂದು ಹೋದ. ಅವನು ಬರಲಿಲ್ಲ, ಅವನ ಪ್ಲಾಸ್ಟಿಕ್ ಪೀಪಿ ಬಂತು. ಅದರ ಹೊಟ್ಟೆಯ ಮೇಲೂ ಕಣ್ಣು ಹೊಡೆಯುವ ಗೂಬೆ. ಈಗ ಅವನು ಹೇಳುವುದೇನೆಂದರೆ, ಗೂಬೆ ತನ್ನದು, ನಾವೇ ಕದ್ದವರು. ಅವನ ಮಾತು ಗೆದ್ದರೆ ನಾವು ನಮ್ಮ ಪೀಪಿಗಳ ಹೊಟ್ಟೆಯಿಂದ ಗೂಬೆಯನ್ನು ಅಳಿಸಬೇಕು. ಮಾಡಿದವನು ಸುಮ್ಮನೆ ನಿಂತು ನೋಡಬೇಕು, ಕದ್ದವನು ಕಣ್ಣು ಹೊಡೆಯಬೇಕು.

ಇಷ್ಟೇ ಆಗಿದ್ದರೆ ನಾನು ಅವನನ್ನು ಎಡಗೈಯ ಕಿರುಬೆರಳಿನಲ್ಲಿ ಎತ್ತಿ ಒಗೆಯುತ್ತಿದ್ದೆ. ಆದರೆ ಅರ್ಜಿ ತುಂಬಿದ್ದು ನಾನೇ. "ಲಾಯರಿಗೆ ತೋರ್ಸೋ" ಎಂದು ಅಕ್ಕ ಬಡಕೊಂಡಿದ್ದಳು. "ಫಾರಂ ತುಂಬೋದಕ್ಕೂ ಲಾಯರಾ? ನಾನು ಪೆನ್ನು ಹಿಡಿದ್ರೆ ಫಾರಮ್ಮೇ ಎದ್ದು ನಿಂತು ನಮಸ್ಕಾರ ಮಾಡುತ್ತೆ" ಎಂದಿದ್ದೆ. ಗುರುತನ್ನು ಎಷ್ಟು ವರ್ಷದಿಂದ ಬಳಸುತ್ತಿದ್ದೀರಿ ಎಂಬಲ್ಲಿ ಹನ್ನೊಂದು ಎಂದು ಬರೆದೆ. ನಿಜಕ್ಕೆ ಆರು, ಆದರೆ ಆ ಖಾನೆ ಅಗಲವಾಗಿತ್ತು, ಆರು ಅಲ್ಲಿ ಬಡವನ ಹಾಗೆ ಕಾಣುತ್ತಿತ್ತು. ಗುರುತಿನ ವಿವರ ಎಂಬಲ್ಲಿ, ಕಲಾವಿದನು ನಲವತ್ತು ದಿನ ಮೌನದಲ್ಲಿ ಕೂತು ಚಿಂತಿಸಿ ಎಡಗಣ್ಣನ್ನು ಮುಚ್ಚಿದನೆಂದೂ ಮೊದಲ ದಿನದಿಂದಲೂ ಗೂಬೆ ಹೀಗೇ ಇದೆಯೆಂದೂ ಬರೆದೆ. ಇದೇ ಕಥೆಯನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಪೀಪಿಯ ಜೊತೆ ಕೊಡುತ್ತಿದ್ದೆ. ನಾನು ನಲವತ್ತು ದಿನ ಮೌನದಲ್ಲಿದ್ದೆ ಎಂಬುದನ್ನು ಓದಿ ಪರಿಚಯದವರೆಲ್ಲ ಯಾಕೆ ನಗುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ.

ಡಬ್ಬಾ ಸಾಹುಕಾರ ಆಕ್ಷೇಪಣೆಯ ಜೊತೆ ಒಂದು ಫೋಟೊ ಇಟ್ಟಿದ್ದ. ಐದೂವರೆ ವರ್ಷದ ಹಿಂದೆ ಒಂದು ಶಾಲೆಯ ಆಟಿಕೆ ಪ್ರದರ್ಶನದಲ್ಲಿ ತೆಗೆದದ್ದು. ಅದರಲ್ಲಿ ನಾನು ಹಲ್ಲು ಬಿಟ್ಟು ನಿಂತಿದ್ದೇನೆ. ಕೈಯಲ್ಲಿ ಪೀಪಿ. ಅದರ ಮೇಲೆ ಗೂಬೆ. ಗೂಬೆಯ ಎರಡು ಕಣ್ಣೂ ತೆರೆದಿವೆ.

*

ಲಾಯರಮ್ಮನ ಕೋಣೆ ಒಂದು ಕ್ಷೌರದಂಗಡಿಯ ಮೇಲಿತ್ತು. ಕೆಳಗೆ ಕತ್ತರಿ ಕಚಕಚ ಅಂದಾಗಲೆಲ್ಲ ನನ್ನ ಗೂಬೆಯ ರೆಕ್ಕೆಯನ್ನೇ ಯಾರೋ ಕತ್ತರಿಸಿದಂತಾಗುತ್ತಿತ್ತು. ಆಕೆ ಕಡಲೆಕಾಯಿ ಬಿಡಿಸಿ ತಿನ್ನುತ್ತ ನನ್ನ ಅರ್ಜಿಯನ್ನು ಎರಡು ಸಲ ಓದಿದರು.

"ಹನ್ನೊಂದು ವರ್ಷ ಅಂದ್ರೆ ಹೇಗೆ ಲೆಕ್ಕ ಹಾಕಿದ್ರಿ?"

"ಗೂಬೆ ನನ್ನ ಮನಸ್ಸಲ್ಲಿ ಹುಟ್ಟಿದ್ದು ಆಗಲೇ ಮೇಡಂ."

"ಮನಸ್ಸಲ್ಲಿ ಹುಟ್ಟಿದ್ದಕ್ಕೆ ಸರ್ಟಿಫಿಕೇಟ್ ಕೊಡಲ್ಲ ಅವರು." ಆಕೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. "ಕೂತ್ಕೊಂಡು ಮಾತಾಡಿ. ನೀವು ಓಡಾಡಿದ್ರೆ ನನಗೆ ತಲೆ ತಿರುಗುತ್ತೆ."

ಕೂತೆ. ಮೊಣಕಾಲು ಕುಣಿದು ಮೇಜಿನ ಮೇಲಿನ ಕಡಲೆಕಾಯಿ ಒಂದೊಂದಾಗಿ ನೆಲಕ್ಕೆ ಹಾರತೊಡಗಿದವು. ಎದ್ದೆ.

"ನೋಡಿ, ಅವನ ವಾದ ಸರಳ," ಎಂದರು ಲಾಯರಮ್ಮ. "ನಿಮ್ಮ ಗೂಬೆಗೆ ಎರಡೂ ಕಣ್ಣಿತ್ತು. ಅವನು ಒಂದು ಕಣ್ಣು ಮುಚ್ಚಿದ, ಅದನ್ನ ನೋಡಿ ನೀವೂ ಮುಚ್ಚಿದ್ರಿ. ನಾಲ್ಕು ವರ್ಷದ ಹಿಂದಿನ ಬಿಲ್ಲುಗಳಿವೆ ಅವನ ಹತ್ರ, ಒಂದೊಂದರ ಮೇಲೂ ಗೂಬೆ ಇದೆ. ಅದಕ್ಕಿಂತ ಮುಂಚೆನೇ ನಿಮ್ಮ ಗೂಬೆ ಕಣ್ಣು ಮುಚ್ಚಿತ್ತು ಅನ್ನೋದಕ್ಕೆ ತಾರೀಕು ಇರೋ ಪುರಾವೆ ಬೇಕು. ಏನಿದೆ?"

"ನನ್ನ ಮಾತಿದೆ."

"ಅದು ಬಿಟ್ಟು."

ನಾನು ತಲೆ ಕೆರೆದುಕೊಂಡೆ. ನಾವು ಕೈಯಿಂದ ಕೈಗೆ ಮಾರುವವರು. ಬಿಲ್ಲಿನಲ್ಲಿ ಬರೀ 'ಪೀಪಿ' ಎಂದಿರುತ್ತದೆ.

"ಹಳೇ ಮಾಲು ಏನಾದ್ರೂ ಉಳಿದಿದೆಯಾ? ಊದದೇ ಇದ್ದದ್ದು, ಕೆಟ್ಟದ್ದು, ಒಡೆದದ್ದು... ಏನಾದ್ರೂ?"

"ಕೆಟ್ಟದ್ದಾ? ನನ್ನ ಕೈಯಲ್ಲಾ?" ನಾನು ಎದೆ ಸೆಟೆಸಿದೆ. "ಮೇಡಂ, ಸೂರ್ಯ ಒಂದು ದಿನ ಮರೆತು ಮಲಗಿಬಿಡಬಹುದು. ನನ್ನ ಪೀಪಿ ಊದದೆ ಇರಲ್ಲ. ಇವತ್ತಿನವರೆಗೂ ಒಂದೇ ಒಂದು ಕೆಟ್ಟಿಲ್ಲ."

"ಹಾಗಾದ್ರೆ ಕಷ್ಟ," ಎಂದು ಆಕೆ ಅರ್ಜಿ ಮಡಚಿದರು. "ಪುರಾವೆ ಸಲ್ಲಿಸೋಕೆ ಎರಡು ತಿಂಗಳಿದೆ. ಯೋಚನೆ ಮಾಡಿ."

ಮೆಟ್ಟಿಲಿಳಿಯುವಾಗ ನನ್ನ ಕಿವಿ ಬಿಸಿಯಾಗಿತ್ತು. ಯಾಕೆಂದರೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ಊದದ ಪೀಪಿಗಳೇ ಇವೆ.

*

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೀಪಿ ಮಾಡುವ ಬೇರೆಲ್ಲರೂ ಮೊದಲು ಊದಿ ನೋಡಿ, ಸ್ವರ ಬಂದರೆ ಮಾತ್ರ ಗುರುತು ಒತ್ತುತ್ತಾರೆ. ನಾನು ಹಾಗಲ್ಲ. ಮಣ್ಣಿನಿಂದ ಕೈ ತೆಗೆದ ಕೂಡಲೇ ಠಸ್ಸೆ ಒತ್ತುವವನು. ನನ್ನ ಕೈಯಿಂದ ಬಂದದ್ದು ಊದಿಯೇ ಊದುತ್ತದೆ ಎಂಬ ಭರವಸೆ! "ಮೊದಲು ಊದು, ಆಮೇಲೆ ಒತ್ತು" ಎಂದು ಅಕ್ಕ ಆರು ವರ್ಷದಲ್ಲಿ ಆರು ಲಕ್ಷ ಸಲ ಹೇಳಿರಬಹುದು. ಕೇಳಲಿಲ್ಲ. ಹೀಗಾಗಿ ಮೂಗ ಪೀಪಿಗಳಿಗೂ ಗೂಬೆಯ ಗುರುತು ಬಿದ್ದುಬಿಡುತ್ತಿತ್ತು. ಅಕ್ಕ ಅವನ್ನೆಲ್ಲ ನೆನೆಸಿ ಮತ್ತೆ ಮಣ್ಣು ಮಾಡುತ್ತಿದ್ದಳು. ಆದರೆ ಪ್ರತಿ ಭಟ್ಟಿಗೂ ಒಂದನ್ನು ಮಾತ್ರ ಉಳಿಸಿ, ಇನ್ನೂ ಹಸಿಯಿರುವಾಗಲೇ ಅದರ ಬೆನ್ನಿನ ಮೇಲೆ ಕಡ್ಡಿಯಿಂದ ತಾರೀಕು ಗೀರಿ, ನನ್ನ ತಪ್ಪೇನೆಂದೂ ಬರೆದು, ಉಳಿದವುಗಳ ಜೊತೆ ಸುಟ್ಟು, ಆ ಪೆಟ್ಟಿಗೆಗೆ ಹಾಕುತ್ತಿದ್ದಳು.

"ಯಾಕೆ ಈ ಹೆಣಗಳನ್ನ ಕೂಡಿಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ನಾಳೆ ನೀನು, ಅಕ್ಕ ಸುಳ್ಳು ಹೇಳ್ತಾಳೆ ಅಂತೀಯಲ್ಲ, ಅದಕ್ಕೆ."

ಆ ಪೆಟ್ಟಿಗೆಯ ಮುಂದೆ ನಾನು ಎಂದೂ ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗಲೂ ಆ ಕಡೆಯ ಕಣ್ಣು ಮುಚ್ಚಿಕೊಂಡೇ ಹತ್ತುತ್ತಿದ್ದೆ.

ಈಗ ಅದು ಗೆಲ್ಲಿಸಬಹುದಾದ ಪೆಟ್ಟಿಗೆ ಎಂದು ಗೊತ್ತಿದ್ದೂ ಬಾಯಿ ಬಿಡಲಾರದೆ ಹೋದೆ. ಮುಚ್ಚಳ ತೆಗೆದರೆ ಹೊರಬರುವುದು ಬರೀ ಕೆಟ್ಟ ಪೀಪಿಗಳಲ್ಲ. ಗೂಬೆಯ ಕಣ್ಣು ಹೇಗೆ ಮುಚ್ಚಿತೆಂಬುದೂ ಹೊರಬರುತ್ತದೆ. ನಲವತ್ತು ದಿನದ ಮೌನ ಹೋಗುತ್ತದೆ. ಚೀಟಿ ಹೋಗುತ್ತದೆ. ಕಲಾವಿದ ಹೋಗುತ್ತಾನೆ.

ದಿನಗಳು ಜಾರಿದವು. ಬೆಳಿಗ್ಗೆ ಎದ್ದರೆ ಮೊದಲು ಕ್ಯಾಲೆಂಡರು, ಆಮೇಲೆ ಹಲ್ಲುಜ್ಜುವುದು. ತಿದ್ದಿದ ಮೀನುಗಳಿಗೆ ಮೂರು ಕಣ್ಣು ಬಂದವು, ಹಕ್ಕಿಯೊಂದಕ್ಕೆ ಕಿವಿ ಬಂತು. ಅಂಗಡಿಯಲ್ಲಿ ಮಕ್ಕಳು ಗೂಬೆ ಕೇಳಿದರೆ ಬೇರೆ ಕಡೆ ನೋಡುತ್ತ ಕೊಡುತ್ತಿದ್ದೆ. ಬೀದಿಯಲ್ಲಿ ಪ್ಲಾಸ್ಟಿಕ್ ಪೀಪಿಯ ಕಿರ್ರೆಂಬ ಸದ್ದು ಕೇಳಿದರೆ ಬಾಗಿಲವರೆಗೆ ಓಡಿ, ಏನು ಮಾಡಬೇಕೆಂದು ತಿಳಿಯದೆ, ಬಾಗಿಲ ಚಿಲಕವನ್ನೇ ಒರೆಸಿ ಒಳಗೆ ಬರುತ್ತಿದ್ದೆ. ಆ ಚಿಲಕ ಈಗಲೂ ಹೊಳೆಯುತ್ತದೆ.

"ಲಾಯರು ಏನು ಕೇಳಿದ್ರೋ?" ಎಂದು ಅಕ್ಕ ದಿನಕ್ಕೆರಡು ಸಲ ವಿಚಾರಿಸುತ್ತಿದ್ದಳು.

"ಏನೂ ಇಲ್ಲ. ನನ್ನ ಪ್ರತಿಭೆ ನೋಡಿ ದಂಗಾದ್ರು."

"ದಂಗಾಗಿ ಏನಂದ್ರು?"

"ಯೋಚನೆ ಮಾಡಿ ಅಂದ್ರು."

"ಪಾಪ, ನಿನಗೆ ಅಭ್ಯಾಸ ಇಲ್ಲದ ಕೆಲಸ," ಎಂದು ಅವಳು ಭಟ್ಟಿಯತ್ತ ನಡೆಯುತ್ತಿದ್ದಳು.

*

ಗಡುವಿಗೆ ಹತ್ತು ದಿನ ಉಳಿದಿದ್ದಾಗ, ಅಕ್ಕ ಸಂತೆಗೆ ಹೋದ ಸಮಯ ನೋಡಿ, ನಾನು ಪೆಟ್ಟಿಗೆಯನ್ನು ಹೊರಗೆಳೆದೆ. ಒಂದು ಬೆಟ್ಟವನ್ನು ಎಳೆದರೂ ಅಷ್ಟು ಬೆವರು ಬರುತ್ತಿರಲಿಲ್ಲ. ಒಳಗೆ ಒಂದೊಂದೂ ಹಳೆಯ ಬಟ್ಟೆಚೂರಿನಲ್ಲಿ ಸುತ್ತಿಕೊಂಡು ಮಲಗಿತ್ತು. ಬಿಚ್ಚಿ ತಾರೀಕಿನಂತೆ ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಅರವತ್ತಮೂರು. (ಅರವತ್ತಮೂರು ಎಂದರೆ ಅರವತ್ತಮೂರೇ, ಈ ಒಂದು ಲೆಕ್ಕವನ್ನು ನಾನು ಹಿಗ್ಗಿಸಿಲ್ಲ.)

ಬೆನ್ನಿನ ಮೇಲೆ ಅಕ್ಕನ ಮೊನಚು ಅಕ್ಷರ. 'ಆತುರ.' 'ಬಾಯಿ ಅಗಲ, ಹೇಳಿದ್ರೆ ಕೇಳಲ್ಲ.' 'ಗೋಡೆ ದಪ್ಪ.' 'ಮತ್ತೆ ಆತುರ.' 'ಮಾತಾಡ್ತಾ ಮಾಡಿದ್ದು.'

ಹೊಟ್ಟೆಯ ಕಡೆ ತಿರುಗಿಸಿದೆ. ಮೊದಲ ವರ್ಷದ ಗೂಬೆಗಳು ಎರಡೂ ಕಣ್ಣು ಬಿಟ್ಟು ನನ್ನನ್ನು ಗುರಾಯಿಸುತ್ತಿದ್ದವು. ಎರಡನೆಯ ವರ್ಷ ಆಗಸ್ಟ್ ಹತ್ತೊಂಬತ್ತರ ಗೂಬೆಗೆ ಎಡಗಣ್ಣಿನ ಮೇಲೆ ಕೂದಲೆಳೆಯಂಥ ಗೆರೆ. ಸೆಪ್ಟೆಂಬರಿನದಕ್ಕೆ ರೆಪ್ಪೆ ಸ್ವಲ್ಪ ಇಳಿದಿತ್ತು, ತೂಕಡಿಕೆ ಶುರುವಾದವರ ಹಾಗೆ. ಅಕ್ಟೋಬರಿನದಕ್ಕೆ ಅರ್ಧ. ನವೆಂಬರಿನದಕ್ಕೆ ಒಂದು ಸೀಳು ಮಾತ್ರ ಉಳಿದಿತ್ತು. ಡಿಸೆಂಬರ್ ಮೂರರ ಗೂಬೆ ಪೂರ್ತಿ ಕಣ್ಣು ಮುಚ್ಚಿತ್ತು. ಅಲ್ಲಿಂದಾಚೆ ಎಲ್ಲವೂ ಹಾಗೇ. ಡಬ್ಬಾ ಸಾಹುಕಾರ ನಮ್ಮ ಅಂಗಡಿಗೆ ಬಂದದ್ದು ಅದರ ಮುಂದಿನ ಮಾರ್ಚಿನಲ್ಲಿ. ಅವನ ಮೊದಲ ಬಿಲ್ಲು ಆಗಸ್ಟಿನದು.

"ಸಂಸಾರ ಚೆನ್ನಾಗಿದೆ," ಎಂದಳು ಅಕ್ಕ ಬಾಗಿಲಲ್ಲಿ. ಕೈಚೀಲದಿಂದ ಸೊಪ್ಪು ಇಣುಕುತ್ತಿತ್ತು.

ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. "ಧೂಳು ಹಿಡಿದಿತ್ತು. ಒರೆಸೋಣ ಅಂತ."

"ಅಚ್ಚು ಬಿದ್ದಿದ್ದು ಯಾವತ್ತು ಅಂತ ಹುಡುಕ್ತಿದ್ದೀಯ?"

ಗೂಬೆಯ ಗುರುತು ಒತ್ತಲು ಬಳಪದ ಕಲ್ಲಿನಲ್ಲಿ ನಾನೇ ಕೆತ್ತಿದ ಆ ಅಚ್ಚು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಕಣ್ಣಿನ ಮೇಲೆ ಬಿರುಕು ಬಿಟ್ಟು ಒಂದು ಚೂರು ಸಡಿಲವಾಯಿತು. ಒತ್ತಿದಾಗಲೆಲ್ಲ ಆ ಚೂರು ಸ್ವಲ್ಪ ಸ್ವಲ್ಪವೇ ಕೆಳಗೆ ಸರಿದು, ಕಣ್ಣಿನ ಗುಂಡಿಯನ್ನು ಮುಚ್ಚಿ, ಅಲ್ಲೇ ಬಿಗಿದು ಕೂತಿತು. ಬಿರುಕಿನ ಗೆರೆಯೇ ಹುಬ್ಬು. ಮಕ್ಕಳು "ಅಯ್ಯೋ, ಗೂಬೆ ಕಣ್ಣು ಹೊಡೀತಿದೆ!" ಎಂದು ಕುಣಿದಾಗ ನಾನು "ಹೂಂ, ಹಾಗೇ ಮಾಡಿದ್ದು" ಎಂದೆ. ಇದು ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತೆಂದುಕೊಂಡಿದ್ದೆ.

"ನಿನಗೆ ಹೇಗೆ..."

"ಅವತ್ತು ಠಣ್ ಅಂದಾಗ ನಾನು ಭಟ್ಟಿ ಮುಂದೆ ಇದ್ದೆ. ಏನೋ ಅದು ಅಂದೆ. ಚಮಚ ಅಂದೆ ನೀನು." ಅಕ್ಕ ಸೊಪ್ಪಿನ ಚೀಲ ಕೆಳಗಿಟ್ಟಳು. "ಹಸಿ ಮಣ್ಣಲ್ಲಿ ಸ್ವರ ಹಿಡಿಯೋಳು ನಾನು. ಕಲ್ಲು ಯಾವುದು, ಚಮಚ ಯಾವುದು ಅಂತ ಗೊತ್ತಾಗಲ್ವೇನೋ?"

"ಐದು ವರ್ಷ ಸುಮ್ಮನಿದ್ಯಲ್ಲೇ!"

"ನೀನಾಗೇ ಹೇಳ್ತೀಯ ಅಂತ ಕಾದೆ. ನನ್ನದೇ ತಪ್ಪು." ಅವಳು ಡಿಸೆಂಬರಿನ ಗೂಬೆಯನ್ನು ಎತ್ತಿ ಸೆರಗಿನಿಂದ ಒರೆಸಿದಳು. ಅದರ ಮುಖ ನೋಡಿದ ಹಾಗೆ ನನ್ನ ಮುಖವನ್ನೂ ನೋಡಿದಳು. "ಲೋ, ನಿನ್ನ ಮರ್ಯಾದೆ ದೊಡ್ಡದು, ಒಪ್ತೀನಿ. ಆದರೆ ಈ ಗೂಬೆ ನನಗೂ ಸೇರಿದ್ದು. ನಾನು ಊದಿ ಊದಿ ಕೆನ್ನೆ ಸೋತಿದೆ. ಹೇಳು, ಲಾಯರು ನಿಜಕ್ಕೂ ಏನು ಕೇಳಿದ್ರು?"

ಹೇಳಿದೆ. ಹೇಳುವಾಗ ಒಂದು ಕಡೆಯೂ ಬಣ್ಣ ಹಚ್ಚಲಿಲ್ಲ. ಹಾಗಾಗಿ ಎರಡೇ ನಿಮಿಷದಲ್ಲಿ ಮುಗಿದುಹೋಯಿತು.

*

ಪೆಟ್ಟಿಗೆಯನ್ನು ಇಬ್ಬರೂ ಹಿಡಿದುಕೊಂಡು ಕ್ಷೌರದಂಗಡಿಯ ಮೆಟ್ಟಿಲು ಹತ್ತಿದೆವು. ಲಾಯರಮ್ಮ ಅರವತ್ತಮೂರನ್ನೂ ನೋಡಿ ನನ್ನತ್ತ ತಿರುಗಿದರು.

"ಒಂದೂ ಕೆಟ್ಟಿಲ್ಲ ಅಂದಿದ್ರಿ?"

"ಇವು ಕೆಟ್ಟಿಲ್ಲ ಮೇಡಂ. ಮೌನವ್ರತದಲ್ಲಿವೆ."

ಆಕೆ ನಗಲಿಲ್ಲ. "ಅರ್ಜಿಗೆ ತಿದ್ದುಪಡಿ ಹಾಕ್ತೀನಿ. ಹನ್ನೊಂದು ಹೋಗಿ ಆರಾಗುತ್ತೆ. ನಲವತ್ತು ದಿನದ ಕಥೆ ತೆಗೆದುಹಾಕ್ತೀನಿ. ಆದರೆ ವಿಚಾರಣೆ ದಿನ ಅಧಿಕಾರಿ ನಿಮ್ಮನ್ನೇ ಕೇಳ್ತಾರೆ. ಅಲ್ಲಿ ಒಂದೇ ಒಂದು ಒಗ್ಗರಣೆ ಹಾಕಿದ್ರೂ ಈ ಪೆಟ್ಟಿಗೆ ಬರೀ ಮಣ್ಣು. ಆಗುತ್ತಾ ನಿಮ್ಮ ಕೈಲಿ?"

"ಮೇಡಂ, ನಿಜ ಹೇಳೋದ್ರಲ್ಲಿ ನನ್ನನ್ನ ಮೀರಿಸೋರು ಈ..."

ಅಕ್ಕ ನನ್ನ ಕಾಲು ತುಳಿದಳು.

ವಿಚಾರಣೆಯ ದಿನ ನಾವು ಎರಡು ಗಂಟೆ ಮೊದಲೇ ಹೋದೆವು. ಉದ್ದನೆಯ ಓಣಿ, ಗೋಡೆಗೆ ಒರಗಿದ ಬೆಂಚು, ಮುಚ್ಚಿದ ಬಾಗಿಲು. ನಾನು ಹದಿನೇಳು ಸಲ ಎದ್ದು ನೀರು ಕುಡಿದೆ, ಹದಿನೆಂಟು ಸಲ ಆ ನೀರನ್ನು ಹೊರಗೆ ಬಿಟ್ಟು ಬಂದೆ.

"ಕೂತ್ಕೊಳೋ," ಎಂದಳು ಅಕ್ಕ. "ಬೆಂಚು ಅಳ್ತಾ ಇದೆ."

ಎದುರು ಬೆಂಚಿನಲ್ಲಿ ಡಬ್ಬಾ ಸಾಹುಕಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಲುಗಾಡದೆ ಕೂತಿದ್ದ. ಆ ಕೂರುವಿಕೆಯನ್ನು ನೋಡಿಯೇ ನನಗೆ ಅರ್ಧ ಜೀವ ಹೋಯಿತು.

ಒಳಗೆ ಕರೆದರು. ಅಧಿಕಾರಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ನಮ್ಮ ಪೀಪಿಗಳನ್ನು ತಮ್ಮ ಉದ್ದ ಮೇಜಿನ ಮೇಲೆ ಸಾಲಾಗಿ ಇಡಿಸಿ, ಕನ್ನಡಕ ಬದಲಿಸಿ, ಒಂದೊಂದರ ಬೆನ್ನನ್ನೂ ಗಟ್ಟಿಯಾಗಿ ಓದತೊಡಗಿದರು.

"'ಆತುರ.' 'ಗೋಡೆ ದಪ್ಪ.' 'ಮತ್ತೆ ಆತುರ.' 'ಬಾಯಿ ಅಗಲ, ಹೇಳಿದ್ರೆ ಕೇಳಲ್ಲ.' ಇದು ಪೀಪಿ ಬಗ್ಗೆನಾ, ಮಾಡಿದೋರ ಬಗ್ಗೆನಾ?"

"ಎರಡಕ್ಕೂ ನಡೆಯುತ್ತೆ ಸಾರ್," ಎಂದಳು ಅಕ್ಕ.

ಡಬ್ಬಾ ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. ಅಧಿಕಾರಿ ಒಂದನ್ನೆತ್ತಿ ಊದಿದರು. ತುಸ್ ಎಂದಿತು. ಇನ್ನೊಂದನ್ನು ಊದಿದರು. ಅದು ಮಾಡಿದ ಸದ್ದನ್ನು ನಾನು ಇಲ್ಲಿ ಬರೆಯುವಂತಿಲ್ಲ. ಬಾಗಿಲ ಬಳಿಯ ಜವಾನ ತಾನಲ್ಲ ಎಂಬಂತೆ ಕೈಯಾಡಿಸಿದ. ಅರವತ್ತಮೂರು ಅವಮಾನಗಳ ಎದುರು ನಾನು ಕೈಕಟ್ಟಿ ನಿಂತಿದ್ದೆ. ನನ್ನ ಕಾಲು ನಿಂತಲ್ಲೇ ಒಂದು ಊರಿನಷ್ಟು ದೂರ ನಡೆದಿತ್ತು.

"ಸಾರ್, ಇದೆಲ್ಲ ನಿನ್ನೆ ಗೀರಿರಬಹುದು," ಎಂದ ಡಬ್ಬಾ ಸಾಹುಕಾರ. "ಒಂದು ಮೊಳೆ ಸಾಕು."

ಅಕ್ಕ ಒಂದು ಸುಟ್ಟ ಪೀಪಿ ಮತ್ತು ಒಂದು ಮೊಳೆಯನ್ನು ಅವನ ಮುಂದಿಟ್ಟಳು. "ನೀವೇ ಗೀರಿ ನೋಡಿ ಅಣ್ಣಾ."

ಅವನು ಗೀರಿದ. ಬಿಳಿ ಪುಡಿ ಉದುರಿತು, ಗೆರೆ ಹರಕುಮುರುಕಾಗಿ ಎದ್ದಿತು. ಅಕ್ಕ ಪಕ್ಕದಲ್ಲಿ ತನ್ನದನ್ನಿಟ್ಟಳು. ಅದರ ಗೆರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಒಳಕ್ಕಿಳಿದು, ಅಂಚಿನಲ್ಲಿ ಮಣ್ಣು ನಯವಾಗಿ ಮಡಚಿತ್ತು. "ಹಸಿಯಿದ್ದಾಗ ಗೀರಿದ್ದು ಹೀಗಿರುತ್ತೆ ಸಾರ್. ಭಟ್ಟಿಗೆ ಹೋಗಿ ಬಂದ ಮೇಲೆ ಯಾರಪ್ಪನ ಕೈಲೂ ಆಗಲ್ಲ."

ಅಧಿಕಾರಿ ಎರಡನ್ನೂ ಬೆರಳಲ್ಲಿ ಸವರಿದರು. ಆಮೇಲೆ ಆಗಸ್ಟಿನಿಂದ ಡಿಸೆಂಬರಿನವರೆಗಿನ ಐದು ಗೂಬೆಗಳನ್ನು ಬೇರೆ ಮಾಡಿ, ನನ್ನನ್ನು ಹತ್ತಿರ ಕರೆದರು.

"ಈ ಕಣ್ಣು ಯಾಕೆ ಮುಚ್ಚಿತು? ಮೊದಲು ಒಂದು ಥರ ಬರೆದಿದ್ರಿ, ಆಮೇಲೆ ತಿದ್ದಿದ್ರಿ. ನಿಮ್ಮ ಬಾಯಲ್ಲೇ ಹೇಳಿ."

ಡಬ್ಬಾ ಸಾಹುಕಾರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತು, ನಾನು ಬಾಯಿ ಬಿಟ್ಟರೆ ಏನು ಬರುತ್ತದೆಂದು. ಆ ಚೀಟಿಯನ್ನು ಅವನೂ ಓದಿದ್ದಾನೆ. ಐದು ವರ್ಷ ಹೇಳಿ ಹೇಳಿ ನುಣುಪಾದ ಕಥೆ ನನ್ನ ನಾಲಿಗೆಯ ತುದಿಗೆ ತಾನಾಗಿ ಜಾರಿ ಬಂತು.

"ನಲವತ್ತು ದಿನ..." ಎಂದೆ.

ಲಾಯರಮ್ಮ ಕಣ್ಣು ಮುಚ್ಚಿಕೊಂಡರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಡಿಸೆಂಬರಿನ ಗೂಬೆ ಸುತ್ತಿದ್ದ ಬಟ್ಟೆಚೂರನ್ನು ನಾಲ್ಕಾಗಿ ಮಡಿಸಿ, ಎಂಟಾಗಿ ಮಡಿಸಿ, ಇನ್ನು ಮಡಿಸಲು ಆಗದಿದ್ದರೂ ಮಡಿಸುತ್ತಿದ್ದಳು. ಊದಿ ಊದಿ ಸೋತ ಅವಳ ಕೆನ್ನೆ ನನಗೆ ಕಂಡಿತು.

"ನಲವತ್ತು ದಿನ ಅಲ್ಲ ಸಾರ್. ಒಂದು ಕ್ಷಣ. ಅಚ್ಚು ಕೈಜಾರಿ ಬಿತ್ತು."

"ಬಿತ್ತು?"

"ಬಿದ್ದು ಬಿರುಕು ಬಿಡ್ತು. ಚೂರು ಸರಿದು ಕಣ್ಣು ಮುಚ್ಚಿತು. ನಾನೇನೂ ಮಾಡಿಲ್ಲ. ಅಕ್ಕನಿಗೆ ಚಮಚ ಬಿತ್ತು ಅಂದೆ, ಬೇರೆಯವರಿಗೆ ಬೇರೆ ಏನೇನೋ ಅಂದೆ." ಜೇಬಿನಿಂದ ಅಚ್ಚನ್ನು ತೆಗೆದು ಮೇಜಿನ ಮೇಲಿಟ್ಟೆ. "ಈ ಗೆರೆ ಹುಬ್ಬಲ್ಲ ಸಾರ್. ಅದೇ ಬಿರುಕು."

ಅಧಿಕಾರಿ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪ್ಲಾಸ್ಟಿಕ್ ಪೀಪಿಯನ್ನು ನೋಡಿದರು. ಮತ್ತೆ ಅಚ್ಚನ್ನು.

"ನಿಮ್ಮ ಗೂಬೆಗೂ ಈ ಗೆರೆ ಇದೆಯಲ್ಲ," ಎಂದರು ಡಬ್ಬಾ ಸಾಹುಕಾರನಿಗೆ. "ಇದೇನು?"

"ಅದು... ಹುಬ್ಬು ಸಾರ್."

"ಗೂಬೆಗೆ ಒಂದೇ ಹುಬ್ಬಾ?"

ಡಬ್ಬಾ ಸಾಹುಕಾರ ತನ್ನ ಲಾಯರನ್ನು ನೋಡಿದ. ಲಾಯರು ಕಿಟಕಿಯನ್ನು ನೋಡಿದರು. ಕಿಟಕಿಯಾಚೆ ಏನೂ ಇರಲಿಲ್ಲ.

"ಕದಿಯೋವಾಗ ಬಿರುಕನ್ನೂ ಬಿಟ್ಟಿಲ್ಲವಲ್ಲಪ್ಪ," ಎಂದಳು ಅಕ್ಕ, ಕೂತಲ್ಲಿಂದಲೇ.

*

ತೀರ್ಪು ಅಂಚೆಯಲ್ಲಿ ಬರಲು ಆರು ವಾರ ಹಿಡಿಯಿತು. ಆ ಆರು ವಾರ ಅಂಚೆಯವನು ನಮ್ಮ ಬೀದಿಗೆ ಬರಲು ಹೆದರುತ್ತಿದ್ದ. ಅವನು ಮೂಲೆ ತಿರುಗುವ ಮೊದಲೇ ನಾನು ಅವನ ಚೀಲದೊಳಗೆ ತಲೆ ಹಾಕಿರುತ್ತಿದ್ದೆ. ಕೊನೆಗೆ ಬಂತು. ಆಕ್ಷೇಪಣೆ ತಳ್ಳಿಹಾಕಿದ್ದರು. ಎಡಗಣ್ಣು ಮುಚ್ಚಿದ ಗೂಬೆ, ಹುಬ್ಬಿನ ಸಮೇತ, ನಮ್ಮಿಬ್ಬರ ಹೆಸರಿಗೆ. ಹನ್ನೊಂದು ಎಂದಿದ್ದ ಕಡೆ ಆರು ಎಂದಿತ್ತು. ಅಷ್ಟೇನೂ ಬಡವನಂತೆ ಕಾಣಲಿಲ್ಲ. ಡಬ್ಬಾ ಸಾಹುಕಾರನ ಪೀಪಿಗಳ ಮೇಲೆ ಈಗ ಒಂದು ಕಾಗೆ ಇದೆ, ಎರಡೂ ಕಣ್ಣು ಬಿಟ್ಟಿದೆ.

ನಾನು ಕುರ್ಚಿ ಎಳೆದುಕೊಂಡು, ಎಷ್ಟೋ ತಿಂಗಳಿನ ಮೇಲೆ, ಬೆನ್ನು ಒರಗಿಸಿ ಕೂತೆ. ಲಾಯರಮ್ಮ ಫೋನ್ ಮಾಡಿದರು.

"ಒಂದು ವಿಷಯ ನೆನಪಿರಲಿ. ನೋಂದಣಿ ಆದ ರೂಪದಲ್ಲೇ ಬಳಸ್ತಾ ಇರಬೇಕು. ನಾಳೆ ಗೂಬೆ ಬೇರೆ ಥರ ಆದರೆ ಮತ್ತೆ ತಕರಾರು ತೆಗೆಯೋಕೆ ಅವನಿಗೆ ದಾರಿ ಸಿಗುತ್ತೆ. ಆ ಅಚ್ಚು ಗಟ್ಟಿಯಾಗಿದೆ ತಾನೇ?"

ನಾನು ಎದ್ದು ನಿಂತೆ.

ಆ ಚೂರು ಬರೀ ಬಿಗಿದು ಕೂತಿದೆ, ಅಂಟಿಕೊಂಡಿಲ್ಲ. ಒಂದು ದಿನ ಅದು ಉದುರಿದರೆ ಗೂಬೆ ಎರಡೂ ಕಣ್ಣು ಬಿಟ್ಟು ಎದ್ದು ಕೂರುತ್ತದೆ. ಹೊಸ ಅಚ್ಚು ಕೆತ್ತಲು ಕೂತೆ. ನನ್ನ ಕೈಯ ಖ್ಯಾತಿ ನಿಮಗೆ ಗೊತ್ತೇ ಇದೆ. ಒಂದು ಗೂಬೆಗೆ ಕಣ್ಣುನೋವು ಬಂದಂತಾಯಿತು, ಒಂದು ಅಳುತ್ತಿತ್ತು, ಒಂದು ತೀರಿಕೊಂಡಿತ್ತು. ಹನ್ನೊಂದು ಕೆತ್ತಿದೆ, ಕೇಳಿದರೆ ಅಕ್ಕ ಲೆಕ್ಕ ಕೊಡುತ್ತಾಳೆ. ನೆಲ ಅಷ್ಟು ಸಲೀಸಾಗಿ ಮಾಡಿದ್ದನ್ನು ನನ್ನ ಕೈ ಮಾಡಲಿಲ್ಲ. ಹಾಗಾಗಿ ಹಳೆಯ ಅಚ್ಚೇ ನಡೆಯುತ್ತಿದೆ. ಅದನ್ನು ಹತ್ತಿಯಲ್ಲಿ ಸುತ್ತಿ, ಹತ್ತಿಯನ್ನು ಉಣ್ಣೆಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಡಬ್ಬದ ಪಕ್ಕ ನಾನು ನಿಂತಿರುತ್ತೇನೆ. ಪ್ರತಿ ಪೀಪಿಗೂ ಒತ್ತಿದ ಮೇಲೆ ಉಸಿರು ಬಿಗಿಹಿಡಿದು ಎಡಗಣ್ಣನ್ನು ನೋಡುತ್ತೇನೆ. ಈಗಲೂ ಊದುವ ಮೊದಲೇ ಒತ್ತುತ್ತೇನೆ. ಪೆಟ್ಟಿಗೆ ತುಂಬುತ್ತಿರಲಿ ಎಂದು ಲಾಯರಮ್ಮನೇ ಹೇಳಿದ್ದಾರೆ.

ಮೊನ್ನೆ ಮಧ್ಯಾಹ್ನ, ಅಂಗಡಿ ತುಂಬ ಮಕ್ಕಳು. ಆತುರದಲ್ಲಿ ಎಡಗೈಯಲ್ಲಿ ಮೀನು ಹಿಡಿದು ಬಲಗೈಯಲ್ಲಿ ಅಚ್ಚನ್ನೆತ್ತಿದೆ. ಬೆರಳು ಒದ್ದೆಯಿತ್ತು.

ಠಣ್.

ಹಿತ್ತಿಲಲ್ಲಿ ಪೀಪಿ ಊದುತ್ತಿದ್ದ ಅಕ್ಕ ನಿಲ್ಲಿಸಿದಳು. "ಏನೋ ಅದು?"

ಚಮಚ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು.

"ಅಕ್ಕಾ," ಎಂದೆ, "ಗೂಬೆ ಬಿತ್ತು. ಬಾ ಬೇಗ."

ಅವಳು ಮಣ್ಣುಗೈಯಲ್ಲೇ ಓಡಿಬಂದಳು. ಇಬ್ಬರೂ ನೆಲದ ಮೇಲೆ ಮಂಡಿಯೂರಿದೆವು. ನಾನು ಮಣ್ಣಿನ ಉಂಡೆ ಹಿಡಿದೆ. ಅವಳು ಅಚ್ಚನ್ನೆತ್ತಿ ಸೆರಗಿನಲ್ಲಿ ಒರೆಸಿ, ನನ್ನ ಅಂಗೈಯಲ್ಲಿದ್ದ ಮಣ್ಣಿಗೆ ಮೆಲ್ಲಗೆ ಒತ್ತಿದಳು. ಮಕ್ಕಳು ಸುತ್ತ ಬಗ್ಗಿ ನಿಂತವು.

"ತೆಗೀಲಾ?" ಎಂದಳು.

"ತಡಿಯೇ ಒಂದು ನಿಮಿಷ," ಎಂದೆ. ನನ್ನ ಮೊಣಕಾಲು ನೆಲಕ್ಕೂರಿದ್ದಲ್ಲೇ ಕುಣಿಯುತ್ತಿತ್ತು.

"ಹೂಂ, ತೆಗಿ," ಎಂದೆ ಕೊನೆಗೆ.